ಅಪ್‌ಡೇಟ್: ಅಪ್ಪನ ಎಡಮೂಗು ಕಟ್ಟುತ್ತಿದ್ದ ವಿಷಯ

ಎರಡು ತಿಂಗಳ ಹಿಂದೆ ಕೇಳಿದ್ದೆ: ಅಪ್ಪನಿಗೆ 62 ವರ್ಷ, ಎಡಮೂಗು ಮಾತ್ರ ಕಟ್ಟುತ್ತೆ, ಮೂರು ಕೋರ್ಸ್ ಆ್ಯಂಟಿಬಯಾಟಿಕ್ ಆದರೂ ಬಿಟ್ಟಿಲ್ಲ, ಇದು ಬರೀ ಸೈನಸ್ಸೇನಾ ಅಂತ. ಅಲ್ಲವಂತೆ. ಬಯಾಪ್ಸಿ ರಿಪೋರ್ಟ್ ಬಂದಿದೆ: ಎಥ್ಮಾಯ್ಡ್ ಸೈನಸ್‌ನಲ್ಲಿ (ಮೂಗಿನ ಮೇಲ್ಭಾಗದಲ್ಲಿ, ಎರಡು ಕಣ್ಣುಗಳ ನಡುವಿನ ಟೊಳ್ಳು) ಅಡಿನೋಕಾರ್ಸಿನೋಮಾ, ಅಂದರೆ ಒಂದು ಬಗೆಯ ಕ್ಯಾನ್ಸರ್.

"ಒಂದೇ ಕಡೆ ಅಂದ್ರೆ ಎಂಡೋಸ್ಕೋಪಿ ಮಾಡಿಸದೆ ಬಿಡಬೇಡಿ" ಅಂದವರಿಗೆ ಕೈಮುಗಿಯುತ್ತೇನೆ. ಮೊದಲು ನೋಡಿದ ಡಾಕ್ಟರು ದುರ್ಮಾಂಸ ಬೆಳೆದಿದೆ ಅಂತ ಸ್ಪ್ರೇ ಕೊಟ್ಟು ಕಳಿಸಿದ್ದರು. ಸಿಟ್ಟು ಇದೆ, ಆದರೆ ಪೂರ್ತಿ ಅವರದೇ ತಪ್ಪು ಅನ್ನೋಕೂ ಆಗಲ್ಲ. ಸೈನಸ್ ಅಂದರೆ ಟೊಳ್ಳು ಜಾಗ, ಗಡ್ಡೆ ಅದನ್ನು ತುಂಬುವವರೆಗೂ ನೋವಿರಲ್ಲ, ಲಕ್ಷಣಗಳೆಲ್ಲ ನೆಗಡಿಯವೇ. ಇಂಥ ಕ್ಯಾನ್ಸರ್ ಅಪರೂಪ ಬೇರೆ. ನಾವೇನು ಕಡಿಮೆ? ಅಪ್ಪನ ಕರ್ಚೀಫಿನಲ್ಲಿ ಕಂದು ಕಲೆ ಕಾಣ್ತಿತ್ತು. ಎಲೆಅಡಿಕೆ ಕಲೆ ಅಂತ ಅಮ್ಮ ಉಜ್ಜಿ ಒಗೆದು ಹಾಕ್ತಿದ್ದಳು. ಎಡಗಣ್ಣಲ್ಲಿ ನೀರು ಬರ್ತಿದ್ದದ್ದಕ್ಕೆ ವಯಸ್ಸಾಯ್ತು ಅಂದುಕೊಂಡೆವು.

ಈಗಿನ ಡಾಕ್ಟರು ಸ್ಕ್ಯಾನ್ ನೋಡುವ ಮೊದಲೇ ಕೇಳಿದ್ದು, "ಯಜಮಾನ್ರೇ, ಏನು ಕೆಲಸ ಮಾಡ್ತಿದ್ರಿ?" ಮರಗೆಲಸ, ನಲವತ್ತು ವರ್ಷ. ಬೀಟೆ, ಸಾಗುವಾನಿ ಉಜ್ಜುವಾಗ ಮೂಗಿಗೆ ಒಂದು ಟವೆಲ್ ಕೂಡ ಕಟ್ಟಿದವರಲ್ಲ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಏಜೆನ್ಸಿ 1995ರಲ್ಲೇ ಕ್ಯಾನ್ಸರ್‌ಕಾರಕ ಅಂತ ಪಟ್ಟಿ ಮಾಡಿದೆಯಂತೆ. ನಮಗೆ ಗೊತ್ತಾಗಿದ್ದು ಹೋದ ವಾರ.

ಎಂಆರ್‌ಐ ಪ್ರಕಾರ ಮೆದುಳಿಗೆ, ಕಣ್ಣಿನ ಗೂಡಿಗೆ ಹೋಗಿಲ್ಲ. ಗುರುವಾರ ಆಪರೇಷನ್, ಮೂಗಿನ ಮೂಲಕವೇ. ಆಮೇಲೆ ರೇಡಿಯೇಷನ್. ಅಪ್ಪ ಮಾತ್ರ ಅರ್ಧಕ್ಕೆ ನಿಂತ ಪಕ್ಕದ ಮನೆಯವರ ಬಾಗಿಲಿನದೇ ಚಿಂತೆ ಮಾಡ್ತಿದ್ದಾರೆ.