ಹುಡುಗರು ತಾವಾಗಿ ಹೇಳುವುದಿಲ್ಲ, ನೀನೇ ನೋಡಬೇಕು

ಕಂದಾ, ನಮ್ಮ ಗುಂಪಿನಲ್ಲಿ ನೀನು ಹಾಕಿದ ಸಂದೇಶ ಕೇಳಿದೆ. ಹೈಬ್ರಿಡ್ ಮುಸುಕಿನ ಜೋಳದ ಬೀಜೋತ್ಪಾದನೆಯ ಹೊಲದಲ್ಲಿ ಸೂಲಂಗಿ, ಅಂದರೆ ಗಿಡದ ತುದಿಯಲ್ಲಿ ಬರುವ ಗಂಡು ಹೂಗೊಂಚಲು, ಕೀಳುವ ತಂಡಕ್ಕೆ ಈ ಹಂಗಾಮಿನಲ್ಲಿ ನಿನ್ನನ್ನು ಮೇಸ್ತ್ರಿ ಮಾಡಿದ್ದಾರೆ, ಎಲ್ಲರೂ ಹದಿನೆಂಟು ಇಪ್ಪತ್ತರ ಆಸುಪಾಸಿನವರು, ಅರ್ಧಕ್ಕರ್ಧ ಮಂದಿ ಹೊಲಕ್ಕೆ ಇಳಿಯುತ್ತಿರುವುದೇ ಮೊದಲ ಸಲ, ಇವರನ್ನು ಹೇಗೆ ನಡೆಸಲಿ ಎಂದು ಕೇಳಿದ್ದೀಯ. ಅದರ ಕೆಳಗೆ ಭಾವ, ‘ಮೊದಲ ದಿನವೇ ಬಿಗಿಯಾಗಿರು, ಸಲಿಗೆ ಕೊಟ್ಟರೆ ತಲೆಯ ಮೇಲೆ ಕೂರುತ್ತಾರೆ’ ಎಂದಿದ್ದಾರೆ. ಭಾವ, ನೀವು ಹಿರಿಯರು, ಬೇಸರ ಮಾಡಿಕೊಳ್ಳಬೇಡಿ, ಈ ಮಾತನ್ನು ನಾನು ಒಪ್ಪುವುದಿಲ್ಲ. ಇಂಥ ತಂಡಗಳನ್ನು ಬಹುಕಾಲ ನಡೆಸಿದವಳು ನಾನು. ಹರೆಯದವರ ತಂಡದಲ್ಲಿ ಸಲಿಗೆಯಿಂದ ಕೆಟ್ಟದ್ದಕ್ಕಿಂತ ಮುಚ್ಚಿಟ್ಟದ್ದರಿಂದ ಕೆಟ್ಟದ್ದೇ ಹೆಚ್ಚು. ತಲೆ ಸುತ್ತಿದರೂ ಹೇಳುವುದಿಲ್ಲ, ಸಾಲು ತಪ್ಪಿದರೂ ಹೇಳುವುದಿಲ್ಲ. ಜೊತೆಯವರ ಮುಂದೆ ಸೋತವರಂತೆ ಕಾಣಲು ಆ ವಯಸ್ಸಿಗೆ ಮನಸ್ಸು ಒಪ್ಪದು. ಬೈಯುವ ಮೇಸ್ತ್ರಿ ಸಿಕ್ಕರೆ ಇನ್ನಷ್ಟು ಮುಚ್ಚಿಡುತ್ತಾರೆ.

ಮೊದಲ ಬೆಳಿಗ್ಗೆ ಯಾರನ್ನೂ ಸಾಲಿಗೆ ಇಳಿಸಬೇಡ. ಒಂದು ಗಿಡದ ಸುತ್ತ ಎಲ್ಲರನ್ನೂ ನಿಲ್ಲಿಸಿ ಈ ಕೆಲಸ ಏಕೆ ಎಂದು ಹೇಳು. ಪರಾಗ ಕೊಡುವುದು ಗಂಡು ಸಾಲು, ಬೀಜ ಕಟ್ಟುವುದು ಹೆಣ್ಣು ಸಾಲು, ಸೂಲಂಗಿ ಕೀಳುವುದು ಹೆಣ್ಣು ಸಾಲಿನಲ್ಲಿ ಮಾತ್ರ. ಹೆಣ್ಣು ಸಾಲಿನ ಗಿಡ ತನ್ನದೇ ಪರಾಗದಿಂದ ಕಾಳು ಕಟ್ಟಿದರೆ ಅದು ಹೈಬ್ರಿಡ್ ಬೀಜವೇ ಅಲ್ಲ. ಒಂದೊಂದು ಸೂಲಂಗಿಯಲ್ಲೂ ಲಕ್ಷಗಟ್ಟಲೆ ಪರಾಗ ಕಣಗಳಿರುತ್ತವೆ. ಬಿಟ್ಟುಹೋದ ಕೆಲವೇ ಗಿಡಗಳಿಂದ ಸುತ್ತಲಿನ ತೆನೆಗಳೆಲ್ಲ ಕೆಡುತ್ತವೆ, ಮಿತಿ ಮೀರಿದರೆ ಇಡೀ ಹೊಲವನ್ನೇ ಬೀಜಕ್ಕೆ ಬೇಡ ಎನ್ನುತ್ತಾರೆ. ಇಷ್ಟು ಗೊತ್ತಾದ ಮೇಲೆ ಹುಡುಗರ ಕೈ ತಾನೇ ಎಚ್ಚರವಾಗುತ್ತದೆ. ಆಮೇಲೆ ಕಿತ್ತು ತೋರಿಸು. ಸೂಲಂಗಿ ಎಲೆಯೊಳಗಿಂದ ಪೂರ್ತಿ ಹೊರಬಂದಿರಬೇಕು, ಪರಾಗ ಉದುರಲು ಶುರುವಾಗಿರಬಾರದು. ಅವಸರಪಟ್ಟು ಬೇಗ ಎಳೆದರೆ ಮೇಲಿನ ಎಲೆಗಳೂ ಕಿತ್ತು ಬಂದು ಇಳುವರಿ ಇಳಿಯುತ್ತದೆ. ಅರ್ಧ ಮುರಿದು ಉಳಿದ ಕಡ್ಡಿಯೂ ಪರಾಗ ಉದುರಿಸುತ್ತದೆ. ಕಿತ್ತದ್ದು ಎಲೆಗೆ ಸಿಕ್ಕಿ ನೇತಾಡಬಾರದು, ನೆಲಕ್ಕೆ ಬೀಳಬೇಕು. ಬುಡದ ಮರಿಗಿಡಗಳಲ್ಲೂ ಸೂಲಂಗಿ ಬರುತ್ತದೆ, ಹೊಸಬರ ಕಣ್ಣು ತಪ್ಪುವುದು ಅಲ್ಲೇ. ಗಂಡು ಸಾಲುಗಳ ಎರಡೂ ತುದಿಗೆ ಬಣ್ಣದ ಬಟ್ಟೆ ಕಟ್ಟು. ಗಂಡು ಸಾಲನ್ನೇ ಕಿತ್ತು ಹಾಕಿದರೆ ಮುಂದೆ ಮಾಡುವುದಕ್ಕೆ ಏನೂ ಇರುವುದಿಲ್ಲ. ಎಲ್ಲ ಗಿಡಗಳೂ ಒಂದೇ ದಿನ ಸೂಲಂಗಿ ಬಿಡುವುದಿಲ್ಲವಾದ್ದರಿಂದ ಅದೇ ಸಾಲಿಗೆ ಮತ್ತೆ ಮತ್ತೆ ಇಳಿಯಬೇಕು. ಇದನ್ನು ಮೊದಲೇ ಹೇಳದಿದ್ದರೆ, ತಮ್ಮ ಕೆಲಸ ಸರಿಯಾಗಲಿಲ್ಲವೆಂದು ಹುಡುಗರು ಕುಗ್ಗುತ್ತಾರೆ.

ನೀನು ತಂಡದ ಮುಂದೆ ನಡೆಯಬೇಡ, ಹಿಂದೆ ನಡೆ. ಬಿಟ್ಟ ಸೂಲಂಗಿ ಕಂಡರೆ ಎಲ್ಲರಿಗೂ ಕೇಳುವಂತೆ ಹೆಸರು ಕೂಗಬೇಡ. ಅವನನ್ನು ಕರೆದು, ಅದೇ ಗಿಡದ ಹತ್ತಿರ ನಿಲ್ಲಿಸಿ, ಅವನ ಕೈಯಿಂದಲೇ ಕೀಳಿಸು.

ಇನ್ನು ಬಿಸಿಲು. ನನ್ನ ಹೆದರಿಕೆ ಇರುವುದೇ ಇದರ ಬಗ್ಗೆ. ಆಳೆತ್ತರದ ಜೋಳದೊಳಗೆ ಗಾಳಿಯಾಡುವುದಿಲ್ಲ, ನಾಲ್ಕು ಸಾಲಿನ ಆಚೆ ಬಿದ್ದವರು ಕಾಣುವುದಿಲ್ಲ. ಬಿಸಿಲಿನ ಕೆಲಸದಲ್ಲಿ ಸಾಯುವವರಲ್ಲಿ ಹೆಚ್ಚಿನವರು ಕೆಲಸಕ್ಕೆ ಸೇರಿದ ಮೊದಲ ಕೆಲವು ದಿನಗಳಲ್ಲೇ ಸಾಯುತ್ತಾರೆ, ಏಕೆಂದರೆ ಮೈ ಇನ್ನೂ ಒಗ್ಗಿರುವುದಿಲ್ಲ. ಹೊಸಬರಿಗೆ ಮೊದಲ ದಿನ ಬಿಸಿಲಿನ ಕೆಲಸ ಐದರಲ್ಲಿ ಒಂದು ಪಾಲು ಸಾಕು, ಆಮೇಲೆ ದಿನಕ್ಕೆ ಅಷ್ಟಷ್ಟೇ ಏರಿಸು. ಬಾಯಾರಲಿ, ಬಿಡಲಿ, 15–20 ನಿಮಿಷಕ್ಕೊಮ್ಮೆ ಸುಮಾರು 240 ಮಿಲಿಲೀಟರ್ ನೀರು ಕುಡಿಯಬೇಕು. ಸಾಲುಗಳು ಉದ್ದವಿದ್ದರೆ ನೀರಿನ ಬಾಟಲಿ ಸೊಂಟದಲ್ಲೇ ಇರಲಿ. ಇಬ್ಬಿಬ್ಬರ ಜೋಡಿ ಮಾಡು, ಪ್ರತಿ ಸಾಲಿನ ತುದಿಯಲ್ಲಿ ತಲೆ ಎಣಿಸು. ಯಾರಾದರೂ ತೊದಲಿದರೆ, ಹೇಳಿದ್ದು ಅರ್ಥವಾಗದವರಂತೆ ನೋಡಿದರೆ, ಹೆಜ್ಜೆ ತಪ್ಪಿದರೆ, ‘ಬೆವರುತ್ತಿದ್ದಾನಲ್ಲ, ಸರಿಯಿದ್ದಾನೆ’ ಎಂದುಕೊಳ್ಳಬೇಡ. ಬೆವರುತ್ತಿದ್ದರೂ ಅದು ಬಿಸಿಲಾಘಾತವಾಗಿರಬಹುದು. ಆಂಬುಲೆನ್ಸ್ ಕರೆಸು, ಅದು ಬರುವವರೆಗೆ ಕಾಯದೆ ನೆರಳಿಗೆ ತಂದು ಮೈಮೇಲೆಲ್ಲ ತಣ್ಣೀರು ಸುರಿದು ಗಾಳಿ ಹಾಕು. ಪ್ರಜ್ಞೆ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಇದಕ್ಕೆ ಸೇರಿದ ಇನ್ನೊಂದು ವಿಷಯವನ್ನು ಗಂಡಸು ಮೇಸ್ತ್ರಿಗಳು ಯೋಚಿಸುವುದೇ ಇಲ್ಲ, ಗುಂಪಿನಲ್ಲಿ ಎಲ್ಲರೂ ಇದ್ದರೂ ಹೇಳಿಬಿಡುತ್ತೇನೆ. ಹೊಲದ ಬಳಿ ಶೌಚಾಲಯ ಇಲ್ಲದಿದ್ದರೆ ಹುಡುಗಿಯರು ನೀರೇ ಕುಡಿಯುವುದಿಲ್ಲ. ನೀನು ಡ್ರಮ್ಮುಗಟ್ಟಲೆ ನೀರು ಇಟ್ಟರೂ ಮುಟ್ಟುವುದಿಲ್ಲ, ಏಕೆಂದು ಕೇಳಿದರೆ ಬಾಯಾರಿಕೆ ಇಲ್ಲ ಎನ್ನುತ್ತಾರೆ. ಮುಟ್ಟಿನ ದಿನಗಳಲ್ಲಂತೂ ಬೆಳಗಿನಿಂದ ಸಂಜೆಯವರೆಗೆ ಹಲ್ಲು ಕಚ್ಚಿ ನಿಲ್ಲುತ್ತಾರೆ. ಹೊಲದ ಮಾಲೀಕರೊಂದಿಗೆ ಮಾತಾಡಿ, ಬಾಗಿಲು ಭದ್ರವಾಗಿರುವ, ನೀರು ಮತ್ತು ಸೋಪು ಇರುವ ಜಾಗ ನಡೆದು ಹೋಗುವಷ್ಟು ಹತ್ತಿರದಲ್ಲಿ ಆಗಬೇಕು ಎಂದು ಹಟ ಹಿಡಿ. ಅದಾಗದೆ ಕೆಲಸ ಒಪ್ಪಬೇಡ. ತಂಡದ ಹುಡುಗಿಯರಲ್ಲಿ ಒಬ್ಬಳಿಗೆ ಸಹಾಯಕಿಯ ಜವಾಬ್ದಾರಿ ಕೊಡು. ನಿನಗೆ ಹೇಳದ್ದನ್ನು ಅವಳಿಗೆ ಹೇಳುತ್ತಾರೆ.

ಎಲೆಯ ಅಂಚು ಕೊಯ್ಯುತ್ತದೆ, ತುಂಬು ತೋಳಿನ ಅಂಗಿ ಬೇಕು, ಕಣ್ಣಿಗೆ ಕನ್ನಡಕ ಬೇಕು. ಕೊನೆಯ ಸಲ ಔಷಧಿ ಹೊಡೆದದ್ದು ಯಾವಾಗ, ಯಾವುದು ಎಂದು ಮಾಲೀಕರನ್ನು ಕೇಳು. ಎಷ್ಟು ಹೊತ್ತು ಹೊಲಕ್ಕೆ ಇಳಿಯಬಾರದು ಎಂಬುದನ್ನು ಡಬ್ಬಿಯ ಚೀಟಿಯಲ್ಲಿ ನೀನೇ ಓದು. ಹದಿನೆಂಟು ತುಂಬದವರಿದ್ದರೆ ಔಷಧಿಯ ಹತ್ತಿರವೂ ಬಿಡಬೇಡ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2001ರ ಕೃಷಿ ಸುರಕ್ಷತೆಯ ಒಪ್ಪಂದವೂ ಅಪಾಯದ ಹೊಲಗೆಲಸಕ್ಕೆ ಆ ವಯಸ್ಸನ್ನೇ ಗೆರೆಯಾಗಿ ಇಟ್ಟಿದೆ. ಗುಡುಗು ಕೇಳಿದರೆ ಎಲ್ಲರೂ ಹೊಲದಿಂದ ಹೊರಗೆ, ಕೊನೆಯ ಗುಡುಗಿನಿಂದ 30 ನಿಮಿಷ ಕಳೆಯುವವರೆಗೆ ಒಳಗೆ ಕಾಲಿಡುವಂತಿಲ್ಲ.

ಕೂಲಿಯನ್ನು ಸಾಲಿನ ಲೆಕ್ಕದಲ್ಲಿ ಕೊಡುತ್ತಾರೆಯೇ, ದಿನದ ಲೆಕ್ಕದಲ್ಲೇ? ನೀನು ಹೇಳಿಲ್ಲ. ಸಾಲಿನ ಲೆಕ್ಕವಾದರೆ ಓಡುತ್ತಾರೆ, ಸೂಲಂಗಿ ಬಿಡುತ್ತಾರೆ, ನೀರಿಗೂ ನಿಲ್ಲುವುದಿಲ್ಲ. ದಿನಗೂಲಿಯೇ ಆಗಲಿ ಎಂದು ಈಗಲೇ ಮಾತಾಡು. ಹಾಜರಿ ಪುಸ್ತಕಕ್ಕೆ ಪ್ರತಿ ಸಂಜೆ ಅವರ ಸಹಿ ಹಾಕಿಸು, ಹೇಳಿದ ದಿನಕ್ಕೆ ಹಣ ಕೈಗೆ ಸೇರಲಿ. ಮಾಲೀಕರು ಒಪ್ಪದಿದ್ದರೆ ನನಗೆ ಫೋನ್ ಮಾಡು, ನಾನೇ ಬಂದು ಮಾತಾಡುತ್ತೇನೆ.