ಅಪ್‌ಡೇಟ್: ನುಡಿಯಲ್ಲಿದ್ದ ಪಿಎಚ್.ಡಿ ಅಧ್ಯಾಯಗಳು ಗೂಗಲ್ ಡಾಕ್ಸ್‌ಗೆ ಬಂದವು

ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಅಧ್ಯಾಯವನ್ನು ಗೈಡ್ ಜೊತೆ ಗೂಗಲ್ ಡಾಕ್ಸ್‌ನಲ್ಲಿ ತಿದ್ದಬೇಕು, ಪೇಸ್ಟ್ ಮಾಡಿದರೆ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆ ಬರುತ್ತಿವೆ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ, ಸರಿಹೋಯಿತು.

ಹಳೆಯ ಫೈಲು ಯೂನಿಕೋಡ್ (ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಅಕ್ಷರ ಸಂಕೇತ) ಅಲ್ಲ, ಆಸ್ಕಿ (ಇಂಗ್ಲಿಷ್ ಅಕ್ಷರಗಳ ಸಂಕೇತಕ್ಕೆ ಕನ್ನಡ ಫಾಂಟ್ ಹೊದಿಸಿದ್ದು). ತೊಂದರೆಯ ಮೂಲ ಅದೇ. ಆಸ್ಕಿಯನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಕ್ಕೆ ಒಂದೊಂದೇ ಅಧ್ಯಾಯ ಹಾಕಿ. ನಡುವೆ ಇಂಗ್ಲಿಷ್ ಪದಗಳಿದ್ದರೆ ಮೊದಲೇ ಗುರುತು ಮಾಡಿಕೊಳ್ಳಿ, ಇಲ್ಲದಿದ್ದರೆ ಅವೂ ಅರ್ಥವಿಲ್ಲದ ಕನ್ನಡವಾಗುತ್ತವೆ. ಆಮೇಲೆ ಅರ್ಕಾವತ್ತು ಸರಿಯಾಗಿ ಬಂದಿದೆಯೇ ನೋಡಿ: ‘ವರ್ಷ’, ‘ಮಾರ್ಗ’, ‘ಕರ್ತೃ’ ಇಂಥವನ್ನು ಹುಡುಕಿ, ಮೂಲದ ಪಕ್ಕದಲ್ಲಿಟ್ಟು ಓದಿ. ಇದಕ್ಕೆ ಅಡ್ಡದಾರಿ ಇಲ್ಲ.

ಗೈಡ್‌ಗೆ ‘ಸಜೆಸ್ಟಿಂಗ್’ ಮೋಡ್‌ನಲ್ಲೇ ತಿದ್ದಲು ಹೇಳಿ; ಏನು ಅಳಿಸಿದರು, ಏನು ಸೇರಿಸಿದರು ಎರಡೂ ಕಾಣುತ್ತದೆ. ಪ್ರತಿ ಸುತ್ತಿಗೂ ಮುಂಚೆ ವರ್ಶನ್ ಹಿಸ್ಟರಿಯಲ್ಲಿ ಆವೃತ್ತಿಗೆ ಹೆಸರು ಕೊಡಿ.

ಉಲ್ಲೇಖಗಳಿಗೆ ಝೊಟೆರೊ (ಆಕರಗಳನ್ನು ಜೋಡಿಸಿಡುವ ಉಚಿತ ತಂತ್ರಾಂಶ) ಸಾಕು, ಆದರೆ ಅದರ ಆನ್‌ಲೈನ್ ಉಚಿತ ಜಾಗ 300 ಎಂಬಿ ಮಾತ್ರ, ಸ್ಕ್ಯಾನ್ ಮಾಡಿದ ಪುಸ್ತಕಗಳಿಂದ ಬೇಗ ತುಂಬುತ್ತದೆ. ಕೊನೆಗೆ ವರ್ಡ್‌ಗೆ ಒಯ್ಯುವಾಗ ಸುಮ್ಮನೆ ಡೌನ್‌ಲೋಡ್ ಮಾಡಬೇಡಿ, ಉಲ್ಲೇಖದ ಕೊಂಡಿಗಳು ಕಡಿದುಹೋಗುತ್ತವೆ. ಫೈಲಿನ ಒಂದು ಪ್ರತಿ ಮಾಡಿಕೊಂಡು, ಝೊಟೆರೊದ ಡಾಕ್ಯುಮೆಂಟ್ ಪ್ರಿಫರೆನ್ಸಸ್‌ನಲ್ಲಿ ವರ್ಡ್ ಪ್ರೊಸೆಸರ್ ಬದಲಿಸುವ ಆಯ್ಕೆ ಒತ್ತಿ, ನಂತರ ಡೌನ್‌ಲೋಡ್ ಮಾಡಿ.