ಅಪ್‌ಡೇಟ್: ಮುಂಬಯಿಯಲ್ಲಿ ನನ್ನ ಪ್ರೇಮ ಕಾದಂಬರಿಯ ಪ್ರಚಾರ

ಸ್ವಂತ ದುಡ್ಡಲ್ಲಿ ಅಚ್ಚು ಹಾಕಿಸಿದ ಮೊದಲ ಪ್ರೇಮ ಕಾದಂಬರಿಯನ್ನು ಮುಂಬಯಿ ಕನ್ನಡಿಗರಿಗೆ ಮುಟ್ಟಿಸುವುದು ಹೇಗೆ ಅಂತ ಕೇಳಿದ್ದೆ, ನೆನಪಿದೆ ಅಲ್ವಾ? ಇನ್‌ಸ್ಟಾಗ್ರಾಮ್ ಜಾಹೀರಾತು ನಿಲ್ಲಿಸಿದೆ. ಲೈಕ್ ಬಂತು, ಆರ್ಡರ್ ಬರಲಿಲ್ಲ. ನಿಮ್ಮಲ್ಲೊಬ್ಬರು ಹೇಳಿದಂತೆ ಮಾಟುಂಗದ ಕನ್ನಡ ಸಂಘ ಮೈಸೂರು ಅಸೋಸಿಯೇಷನ್‌ಗೆ ನಾಟಕ ನೋಡಲು ಬಂದವರ ಕೈಗೆ ಮೊದಲ ಅಧ್ಯಾಯದ ಪುಟ್ಟ ಪುಸ್ತಿಕೆ ಕೊಟ್ಟೆ, ಹಿಂಬದಿಗೆ ಕ್ಯೂಆರ್ ಕೋಡ್. ಅಧ್ಯಾಯ ನಿಲ್ಲುವುದು ದಾದರ್‌ನಲ್ಲಿ, ನಾಯಕಿ ಫಾಸ್ಟ್ ಲೋಕಲ್ ರೈಲು ಹತ್ತಿ ನಾಯಕ ಸ್ಲೋ ರೈಲಿನ ಪ್ಲಾಟ್‌ಫಾರ್ಮ್‌ನಲ್ಲೇ ಉಳಿದಾಗ. ಒಬ್ಬರು ಆಂಟಿ ಇಂಟರ್ವಲ್‌ನಲ್ಲೇ ನನ್ನ ಕೈ ಹಿಡಿದು, "ಮುಂದೆ ಎಂತಾಯ್ತು ಹೇಳು ಮಾರಾಯ್ತಿ" ಅಂದರು. ಹೇಳಲಿಲ್ಲ, ಪುಸ್ತಕ ಮಾರಿದೆ!

ಇದೇ ಕಾದಂಬರಿಯ ಇ-ಪುಸ್ತಕದ ಐಎಸ್‌ಬಿಎನ್‌ಗೆ (ಪುಸ್ತಕದ ಗುರುತು ಸಂಖ್ಯೆಗೆ) ಏಜೆಂಟರಿಗೆ ದುಡ್ಡು ಕೊಡಬೇಡಿ ಅಂದವರಿಗೆ ಥ್ಯಾಂಕ್ಸ್. ಭಾರತದಲ್ಲಿ ಅದು ಸರಕಾರದಿಂದ ಪುಕ್ಕಟೆ, ನಾನೇ ಆನ್‌ಲೈನ್‌ ಅರ್ಜಿ ಹಾಕಿದೆ. ಪುಣೆಯಲ್ಲಿ ಯಾರಾದರೂ ಒಂದಷ್ಟು ಪ್ರತಿ ಇಟ್ಟುಕೊಳ್ಳುತ್ತೀರಾ?